ಗೋದಾಮು ಮನೆಯಾಗುವ ಹೊತ್ತು

ಕಲಬುರಗಿಯಿಂದ ಆಳಂದದ ಕಡೆಗೆ ಹೊರಟರೆ ಎಡಬಲಕ್ಕೂ ಎರೆಭೂಮಿ, ತೊಗರಿಯ ಹೊಲ, ನಡುನಡುವೆ ಜಾಲಿಯ ಸಾಲು. ಆ ದಾರಿಯಲ್ಲಿ ಸಿಗುವ ಕಡಗಂಚಿಯ ಹೆಸರನ್ನು ಎರಡು ದಶಕಗಳ ಹಿಂದೆ ಜಿಲ್ಲೆಯ ಹೊರಗೆ ಬಲ್ಲವರು ಕಡಿಮೆ. ಗುರುಚರಿತ್ರೆಯ ಕರ್ತೃ ಸರಸ್ವತಿ ಗಂಗಾಧರರ ಊರೆಂದು ನಂಬಿ ಬರುವ ದತ್ತಭಕ್ತರನ್ನು ಬಿಟ್ಟರೆ ಹೊರಗಿನವರು ಇಲ್ಲಿ ಇಳಿಯುತ್ತಿದ್ದುದೂ ಅಪರೂಪ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದು, ಆಮೇಲೆ ಕಡಗಂಚಿಯ ತನ್ನದೇ ನೆಲೆಗೆ ಬಂದ ಮೇಲೆ ಊರಿನ ಲೆಕ್ಕಾಚಾರವೇ ಬದಲಾಯಿತು. ದೇಶದ ನಾನಾ ಕಡೆಯಿಂದ ವಿದ್ಯಾರ್ಥಿಗಳು, ಅಧ್ಯಾಪಕರು ಬಂದರು. ಅವರ ಹಿಂದೆಯೇ ಬಾಡಿಗೆ ಎಂಬ ಮಾತೂ ಬಂತು. ಹೊಲದ ಬದುವಿನಲ್ಲಿ ಕಾಂಕ್ರೀಟಿನ ಕಂಬಗಳು ಎದ್ದವು.

ಈ ಸೀಮೆಯಲ್ಲಿ ನಮ್ಮ ಸೋದರಮಾವನವರದೊಂದು ಹಳೆಯ ಗೋದಾಮಿದೆ. ನಿಜಾಮರ ಆಡಳಿತ ಮುಗಿದ ಕೆಲವು ವರ್ಷಗಳ ಮೇಲೆ ಅವರ ತಂದೆ ಕಟ್ಟಿಸಿದ್ದು. ಅರವತ್ತು ಅಡಿ ಉದ್ದ, ಇಪ್ಪತ್ನಾಲ್ಕು ಅಡಿ ಅಗಲ, ಒಂದೂವರೆ ಅಡಿಗೂ ಮಿಕ್ಕಿದ ಕರಿಕಲ್ಲಿನ ಗೋಡೆ, ಎತ್ತರದಲ್ಲಿ ನಾಲ್ಕಾರು ಸಣ್ಣ ಬೆಳಕಿಂಡಿ, ಚಕ್ಕಡಿ ಒಳಗೆ ಬರುವಷ್ಟು ದೊಡ್ಡ ಬಾಗಿಲು, ನೆಲಕ್ಕೆ ಶಹಾಬಾದಿನ ಪರಸಿ, ಮೇಲೆ ತಗಡು. ತೊಗರಿ, ಜೋಳ, ಕಡಲೆಯ ಚೀಲಗಳು ಅಲ್ಲಿ ಮಾಡಿನ ತನಕ ಏರಿದ್ದನ್ನು ಬಾಲ್ಯದಲ್ಲಿ ನೋಡಿದ್ದೇನೆ. ದೊಡ್ಡ ಲಾರಿಗಳು ಆ ಓಣಿಗೆ ಹೊಕ್ಕು ತಿರುಗಲಾರವು ಎಂಬ ಒಂದೇ ಕಾರಣಕ್ಕೆ ಗೋದಾಮು ಖಾಲಿ ಬಿತ್ತು.

ಕೆಲವು ವರ್ಷಗಳ ಹಿಂದೆ ಮಾವನವರು ಅದನ್ನು ಕೆಡವಿ ಮೂರಂತಸ್ತಿನ ಆರ್‌ಸಿಸಿ ಕಟ್ಟಡ ಎಬ್ಬಿಸುವ ನಿರ್ಧಾರ ಮಾಡಿದರು. ಕೆಡವಬೇಡಿ, ಅದನ್ನೇ ಮನೆ ಮಾಡಬಹುದು ಎಂದು ನಾನು ಹೇಳಿದಾಗ ಅವರು ನಕ್ಕು ಕೇಳಿದ ಪ್ರಶ್ನೆ ಇದು: 'ಏನ್ ಅಳಿಯಾ, ತೊಗರಿ ಇಡೋ ಜಾಗಾದಾಗ ಮನಷ್ಯಾ ಇರ್ತಾನೇನು?'

ಪ್ರಶ್ನೆ ತಮಾಷೆಯದಾಗಿ ಕಂಡರೂ ಅದಕ್ಕೆ ಉತ್ತರ ಹುಡುಕಲು ಹೊರಟರೆ ವಿದ್ಯುತ್ತು, ಸಿಮೆಂಟು, ಭೂಕಂಪ, ಸರ್ಕಾರದ ಯೋಜನೆ ಎಲ್ಲವೂ ಅದರೊಳಗೆ ಬಂದು ಸೇರುತ್ತವೆ. ಈ ಭಾಗದ ನೂರಾರು ಕುಟುಂಬಗಳ ಮುಂದೆ ಇಂದು ಇದೇ ಪ್ರಶ್ನೆ ಇದೆ ಎಂಬ ಕಾರಣಕ್ಕೆ ಅದನ್ನು ಇಲ್ಲಿ ಬಿಡಿಸಿ ನೋಡುವ ಪ್ರಯತ್ನ ಮಾಡಿದ್ದೇನೆ.

ಕಾಳಿಗೆ ಬೇಕಾದದ್ದು, ಮನುಷ್ಯನಿಗೆ ಬೇಕಾದದ್ದು

ಕಾಳು ಕೆಡದೆ ಉಳಿಯಲು ಬೇಕಾದದ್ದು ಎರಡು: ತಂಪು ಮತ್ತು ಶುಷ್ಕತೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದುದು ಇದಕ್ಕೇ. ನೆಲದ ಕೆಳಗೆ ಕೆಲವು ಅಡಿ ಇಳಿದರೆ ಹಗಲಿನ ಉರಿಯೂ ಇಲ್ಲ, ಇರುಳಿನ ಚಳಿಯೂ ಇಲ್ಲ. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದ. ನೆಲದ ಮೇಲೆ ಉಗ್ರಾಣ ಕಟ್ಟುವ ಕಾಲ ಬಂದಾಗ ಅದೇ ಹದವನ್ನು ದಪ್ಪ ಗೋಡೆಯಿಂದ ಸಾಧಿಸಿದರು. ಕಲಬುರಗಿ ತೊಗರಿಯ ಕಣಜವೆಂದು ಹೆಸರಾಗಿದೆ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದಕ್ಕಿತು. ಆ ಹೆಸರಿನ ಹಿಂದೆ ಹೊಲದ ಮಣ್ಣಿನ ಜೊತೆಗೆ ಈ ಕಲ್ಲುಗೋಡೆಗಳೂ ಇವೆ.

ಮನುಷ್ಯರ ಮನೆಗಳೂ ಬೇರೆ ರೀತಿಯಲ್ಲಿರಲಿಲ್ಲ. ಮೇಲ್ಮುದ್ದೆ ಹಾಕಿದ ಮಾಳಿಗೆ, ಎರಡಡಿ ದಪ್ಪದ ಗೋಡೆ, ಪಡಸಾಲೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಮೇ ತಿಂಗಳ ನಡುಹಗಲಲ್ಲಿ ಅಂಥ ಮನೆಯ ಒಳಗೆ ಕಾಲಿಟ್ಟವರಿಗೆ ಅದರ ಗುಣವನ್ನು ವಿವರಿಸಬೇಕಾಗಿಲ್ಲ.

ಈ ಗುಣದ ಹಿಂದಿನ ಭೌತಶಾಸ್ತ್ರ ಸರಳ. ಬಿಸಿಲಿಗೆ ಕಾದ ಗೋಡೆಯ ಹೊರಮೈಯಿಂದ ಶಾಖ ಒಳಮೈಗೆ ತಲುಪಲು ಸಮಯ ಬೇಕು. ನಾಲ್ಕೈದು ಅಂಗುಲದ ಕಾಂಕ್ರೀಟ್ ಚಾವಣಿಯನ್ನು ದಾಟಲು ಅದಕ್ಕೆ ಸುಮಾರು ಮೂರು ಗಂಟೆ ಸಾಕು. ಒಂದೂವರೆ ಅಡಿ ಕಲ್ಲುಗೋಡೆಯನ್ನು ದಾಟಲು ಹನ್ನೊಂದು-ಹನ್ನೆರಡು ಗಂಟೆ ಹಿಡಿಯುತ್ತದೆ. ಎಂದರೆ ಮಧ್ಯಾಹ್ನ ಎರಡರ ಬಿಸಿಲು ಒಳಗೆ ಬರುವಾಗ ನಡುರಾತ್ರಿ ದಾಟಿರುತ್ತದೆ. ಅಷ್ಟು ಹೊತ್ತಿಗೆ ಹೊರಗಿನ ಗಾಳಿ ತಣಿದಿರುತ್ತದೆ. ದಾರಿಯುದ್ದಕ್ಕೂ ಆ ಶಾಖದ ತೀವ್ರತೆಯೂ ಕುಗ್ಗಿರುತ್ತದೆ. ಆದರೆ ಇದರಲ್ಲೊಂದು ಷರತ್ತಿದೆ. ರಾತ್ರಿ ಕಿಟಕಿ ತೆರೆದು ತಂಗಾಳಿಯನ್ನು ಆಡಿಸದಿದ್ದರೆ ಗೋಡೆ ತನ್ನ ಶಾಖವನ್ನು ಬಿಟ್ಟುಕೊಡದೆ ದಿನದಿನಕ್ಕೂ ಕಾಯುತ್ತಾ ಹೋಗುತ್ತದೆ. ಹಗಲು ಮುಚ್ಚು, ಇರುಳು ತೆರೆ ಎಂಬ ಅಜ್ಜಿಯರ ಶಿಸ್ತು ಕೇವಲ ಅಭ್ಯಾಸವಾಗಿರಲಿಲ್ಲ, ಅದು ಕಟ್ಟಡವನ್ನು ನಡೆಸುವ ವಿಧಾನವಾಗಿತ್ತು.

ಹಾಗೆಂದು ಗೋದಾಮು ಇದ್ದ ಹಾಗೆಯೇ ಮನೆಯಾಗದು. ಕಾಳಿಗೆ ಬೆಳಕು ಬೇಡ, ಮನುಷ್ಯನಿಗೆ ಬೇಕು. ಕಾಳಿಗೆ ನೀರು ಶತ್ರು, ಮನುಷ್ಯ ನೀರಿಲ್ಲದೆ ಒಂದು ದಿನ ಇರಲಾರ. ಜೊತೆಗೆ ತಗಡಿನ ಚಾವಣಿಯದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಗೋಡೆ ಹನ್ನೆರಡು ಗಂಟೆ ತಡೆದ ಶಾಖವನ್ನು ತಗಡು ಹನ್ನೆರಡು ನಿಮಿಷವೂ ತಡೆಯದು. ನೆತ್ತಿಬಿಸಿಲಿನಲ್ಲಿ ಅದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಗೋದಾಮನ್ನು ಮನೆ ಮಾಡುವುದೆಂದರೆ ಮುಖ್ಯವಾಗಿ ಗೋಡೆಯನ್ನು ಉಳಿಸಿಕೊಂಡು ಚಾವಣಿಯನ್ನು ಸರಿಪಡಿಸುವುದು.

ಬಿಸಿಲಿನ ಬೆಲೆ

ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಇದೆ. ಇಲ್ಲಿನ ಬಿಸಿಲಿಗೆ ಸರ್ಕಾರವೇ ತಲೆಬಾಗಿದೆ ಎಂದರ್ಥ. ಆದರೆ ಹೊಸದಾಗಿ ಏಳುತ್ತಿರುವ ಮನೆಗಳು ತಲೆಬಾಗಿಲ್ಲ. ತೆಳು ಗೋಡೆ, ಬರಿಯ ಕಾಂಕ್ರೀಟ್ ಚಾವಣಿ, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ. ಅಂಥ ಮನೆಯ ಮೇಲಂತಸ್ತಿನಲ್ಲಿ ಎ.ಸಿ. ಇಲ್ಲದೆ ರಾತ್ರಿ ಕಳೆಯುವುದು ಕಷ್ಟ.

ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸರಾಸರಿ ಒಂದು ಯೂನಿಟ್ಟಿಗೂ ಮಿಕ್ಕಿ ವಿದ್ಯುತ್ ಬಳಸುತ್ತದೆ. ದಿನಕ್ಕೆ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ 250ರಿಂದ 300 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಎಂದರೆ ಒಂದು ಎ.ಸಿ. ಒಂದು ಮಧ್ಯಮವರ್ಗದ ಕುಟುಂಬವನ್ನು ಬೇಸಿಗೆಯ ತಿಂಗಳುಗಳಲ್ಲಿ ಈ ಯೋಜನೆಯ ಹೊರಗೆ ನಿಲ್ಲಿಸಬಲ್ಲದು. ಫ್ಯಾನು, ದೀಪ, ಫ್ರಿಜ್ಜು, ಬೇಸಿಗೆಯಲ್ಲಿ ಒಂದು ಕೂಲರ್ ಇಷ್ಟರಲ್ಲೇ ಸಾಗುವ ಮನೆ ಮಿತಿಯೊಳಗೆ ಉಳಿಯಬಲ್ಲದು. ಇಂಧನ ಮಿತವ್ಯಯವೆಂಬುದು ಪರಿಸರವಾದಿಗಳ ಭಾಷಣದ ವಿಷಯವಷ್ಟೇ ಆಗಿ ಉಳಿದಿಲ್ಲ. ಮಾಸಾಂತ್ಯದ ಲೆಕ್ಕಪುಸ್ತಕದೊಳಕ್ಕೂ ಅದು ಬಂದಿದೆ.

ಆದರೆ ತಿಂಗಳ ಬಿಲ್ಲಿನಲ್ಲಿ ಕಾಣಿಸದ ಇನ್ನೊಂದು ಖರ್ಚಿದೆ. ಅದು ಕಟ್ಟಡ ಕಟ್ಟುವಾಗಲೇ ಸುಟ್ಟುಹೋಗುವ ಇಂಧನ. ಸಾವಿರ ಚದರಡಿಯ ಸಾಧಾರಣ ಆರ್‌ಸಿಸಿ ಮನೆಗೆ ಸುಮಾರು 400 ಚೀಲ, ಎಂದರೆ 20 ಟನ್ ಸಿಮೆಂಟ್ ಬೇಕು. ಒಂದು ಟನ್ ಸಿಮೆಂಟ್ ತಯಾರಾಗುವಾಗ ಸುಮಾರು 600 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಟ್ಟು 12 ಟನ್. ಇದನ್ನು ಮನೆಯ ವಿದ್ಯುತ್ತಿನೊಂದಿಗೆ ಹೋಲಿಸಿ ನೋಡೋಣ. ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ 1,800 ಯೂನಿಟ್ ಬೇಕು. ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೋದಂತೆ ಒಂದೂಕಾಲು ಟನ್ ಹೊರಸೂಸುವಿಕೆ. ಎಂದರೆ ಆ ಮನೆ ಒಂಬತ್ತು ವರ್ಷ ವಿದ್ಯುತ್ ಬಳಸಿ ಗಾಳಿಗೆ ಬಿಡುವಷ್ಟನ್ನು ಅದರ ಸಿಮೆಂಟೊಂದೇ ಗೃಹಪ್ರವೇಶಕ್ಕೆ ಮೊದಲೇ ಬಿಟ್ಟಿರುತ್ತದೆ. ಕಬ್ಬಿಣ, ಇಟ್ಟಿಗೆಗಳ ಲೆಕ್ಕ ಬೇರೆ.

ಈ ಲೆಕ್ಕವನ್ನು ಕಲಬುರಗಿ ಜಿಲ್ಲೆಯವರಿಗೆ ಹೇಳಿಕೊಡುವ ಅಗತ್ಯವಿರಬಾರದು. ವಾಡಿ, ಮಳಖೇಡ, ಸೇಡಂ ಸೀಮೆಯ ಸುಣ್ಣದ ಕಲ್ಲು ಸಿಮೆಂಟಾಗಿ ದೇಶವನ್ನೆಲ್ಲ ಸುತ್ತುತ್ತಿದೆ. ಅದರ ದೂಳನ್ನು ನುಂಗಿದವರು ಇಲ್ಲಿನವರೇ. ಕರ್ನಾಟಕದಲ್ಲಿ ಈ ಕುರಿತ ಅರಿವು ಹೊಸದೇನೂ ಅಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಕೇಂದ್ರ ಆರಂಭವಾಯಿತು. ಅದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಪರ್ಯಾಯ ಸಾಮಗ್ರಿಗಳನ್ನು ಬಳಸಿ ಗೋಡೆಗಳೇ ಭಾರ ಹೊರುವಂತೆ ಕಟ್ಟಿದರೆ ಕಟ್ಟಡದೊಳಗೆ ಹುದುಗುವ ಇಂಧನವನ್ನು ಅರ್ಧದಷ್ಟು ತಗ್ಗಿಸಬಹುದೆಂದು ತೋರಿಸಿತು. ಹೊಸದಾಗಿ ಕಟ್ಟುವಾಗಲೇ ಇಷ್ಟು ಉಳಿತಾಯವಿದ್ದರೆ, ಎಪ್ಪತ್ತು ವರ್ಷಗಳಿಂದ ನಿಂತಿರುವ ಗೋಡೆಯನ್ನು ಉಳಿಸಿಕೊಂಡಾಗ ಎಷ್ಟಿರಬಹುದೆಂದು ಊಹಿಸಬಹುದು.

ಹಳೆಯದಕ್ಕೆ ಹೊಸ ಬಾಳು

ಒಂದು ಕೆಲಸಕ್ಕೆ ಕಟ್ಟಿದ್ದನ್ನು ಇನ್ನೊಂದು ಕೆಲಸಕ್ಕೆ ಬಳಸುವುದು ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಿಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದು ಇಂದಿಗೂ ಹಾಗೆಯೇ ಇದೆ. ಬ್ರಿಟಿಷರು ಇದರಲ್ಲಿ ಅತಿಗೂ ಹೋದರು. ಒಂದು ಮಸೀದಿಯನ್ನು ಅಂಚೆ ಕಚೇರಿ ಮಾಡಿದರು, ಇನ್ನೊಂದನ್ನು ಪ್ರವಾಸಿ ಬಂಗಲೆ ಮಾಡಿದರು. ಕೊನೆಗೆ ವೈಸರಾಯ್ ಕರ್ಜನ್ ಮಧ್ಯೆ ಪ್ರವೇಶಿಸಿ ಅವನ್ನು ತೆರವು ಮಾಡಿಸಬೇಕಾಯಿತು. ಯಾವುದನ್ನು ಮುಟ್ಟಬಾರದು ಎಂಬ ವಿವೇಕವೂ ಮರುಬಳಕೆಯ ಭಾಗ ಎಂಬ ಪಾಠ ಅದರಲ್ಲಿದೆ. ಗೋದಾಮಿಗೆ ಅಂಥ ಪಾವಿತ್ರ್ಯದ ತೊಡಕಿಲ್ಲ.

ಹೊರಗಿನ ಉದಾಹರಣೆಗಳೂ ಉಂಟು. ಕೊಚ್ಚಿಯ ಕಡಲದಂಡೆಯ ಆಸ್ಪಿನ್‌ವಾಲ್ ಹೌಸ್, ಪೆಪ್ಪರ್ ಹೌಸ್‌ಗಳಂಥ ಹಳೆಯ ವ್ಯಾಪಾರಿ ಉಗ್ರಾಣಗಳು 2012ರಿಂದ ಕೊಚ್ಚಿ-ಮುಜಿರಿಸ್ ಬಿನಾಲೆಯ ಕಲಾಶಾಲೆಗಳಾಗಿವೆ. ಸ್ಪೇನಿನ ವಾಸ್ತುಶಿಲ್ಪಿ ರಿಕಾರ್ಡೊ ಬೋಫಿಲ್ 1973ರಲ್ಲಿ ಬಾರ್ಸಿಲೋನಾ ಬಳಿಯ ಪಾಳುಬಿದ್ದ ಸಿಮೆಂಟ್ ಕಾರ್ಖಾನೆಯೊಂದನ್ನು ಕೊಂಡು, ಅದರ ದೈತ್ಯ ಕಣಜಗಳನ್ನೇ ಕಚೇರಿಯಾಗಿ, ಮನೆಯಾಗಿ ಮಾರ್ಪಡಿಸಿದ. 2022ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವನ ನೆಲೆಯಾಗಿತ್ತು. 2021ರ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಫ್ರಾನ್ಸಿನ ಆ್ಯನ್ ಲಕಟಾನ್ ಮತ್ತು ಜೀನ್-ಫಿಲಿಪ್ ವಾಸಲ್ ಅವರದು ಕೆಡವದಿರುವುದೇ ಸಿದ್ಧಾಂತ. ಬೋರ್ಡೊ ನಗರದಲ್ಲಿ 530 ಹಳೆಯ ಫ್ಲ್ಯಾಟ್‌ಗಳನ್ನು ಒಡೆಯದೆ, ನಿವಾಸಿಗಳನ್ನು ಹೊರಗೆ ಕಳಿಸದೆ, ಹೊರಮೈಗೆ ಹೊಸ ಅಂಗಳಗಳನ್ನು ಜೋಡಿಸಿ ಅವರು ಹಿಗ್ಗಿಸಿದರು. ಕೆಡವುವುದು ಪ್ರಗತಿ, ಉಳಿಸುವುದು ಬಡತನ ಎಂಬ ನಮ್ಮ ಭಾವನೆಯನ್ನು ಶ್ರೀಮಂತ ದೇಶಗಳೇ ಬಿಟ್ಟುಕೊಡುತ್ತಿವೆ.

ಕಿಲ್ಲಾರಿಯ ನೆನಪು

ಇಷ್ಟೆಲ್ಲ ಹೇಳಿದ ಮೇಲೆ ಮಾವನವರು ಕೇಳಿದ ಎರಡನೆಯ ಪ್ರಶ್ನೆ ತಮಾಷೆಯದಾಗಿರಲಿಲ್ಲ. 'ಕಿಲ್ಲಾರಿ ಮರತಿ ಏನು?'

ಮರೆಯುವಂಥದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಊರು ಮಲಗಿದ್ದಾಗ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಎಂಟರಿಂದ ಹತ್ತು ಸಾವಿರ ಮಂದಿ ಸತ್ತರು. ಆಳಂದದಿಂದ ಕಿಲ್ಲಾರಿ ಹಕ್ಕಿ ಹಾರುವ ಲೆಕ್ಕದಲ್ಲಿ ಐವತ್ತು-ಅರವತ್ತು ಕಿಲೋಮೀಟರ್. ಅಲ್ಲಿ ಜನರನ್ನು ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಅವರ ಮನೆಗಳೇ: ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಆ ದಿನದಿಂದ ಈ ಇಡೀ ಗಡಿಸೀಮೆಯಲ್ಲಿ ಕಲ್ಲುಗೋಡೆ ಎಂದರೆ ಸಾವು, ಕಾಂಕ್ರೀಟ್ ಎಂದರೆ ರಕ್ಷಣೆ ಎಂಬ ಭಾವನೆ ಬೇರೂರಿತು. 2021ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ನೆಲ ಕಂಪಿಸಿದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದ್ದು ಆ ನೆನಪಿನಿಂದಲೇ.

ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರು ಹಳೆಯ ಕಟ್ಟಡಗಳ ಪರವಾಗಿ ಮಾತನಾಡಲು ಅರ್ಹರಲ್ಲ. ಆದರೆ ಕಿಲ್ಲಾರಿಯ ಗೋಡೆಗಳು ಕಲ್ಲಿನವು ಎಂಬುದಕ್ಕೇ ಬೀಳಲಿಲ್ಲ. ಹೊರಗಿನದೊಂದು, ಒಳಗಿನದೊಂದು ಎಂದು ಎರಡು ಪದರವಾಗಿ ಕಟ್ಟಿದ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಡ್ಡಗಲ್ಲುಗಳು ಇರಲಿಲ್ಲ. ಕಂಪನ ಬಂದೊಡನೆ ಪದರಗಳು ಬೇರ್ಪಟ್ಟು, ಮೇಲಿನ ಭಾರಕ್ಕೆ ಕುಸಿದವು. ಇದಕ್ಕೆ ಮದ್ದು ಭಾರತೀಯ ಮಾನಕ ಬ್ಯೂರೋದ ಸಂಹಿತೆಗಳಲ್ಲೇ ಇದೆ. ಗೋಡೆಯ ಆರಪಾರ ಹೋಗುವ ಕಲ್ಲು ಎತ್ತರದಲ್ಲಿ ಪ್ರತಿ ಎರಡಡಿಗೊಂದು, ಉದ್ದದಲ್ಲಿ ಪ್ರತಿ ನಾಲ್ಕಡಿಗೊಂದು ಇರಬೇಕು. ಇಲ್ಲದಿದ್ದರೆ ಗೋಡೆಯನ್ನು ಮೆಲ್ಲಗೆ ಕೊರೆದು, ಕೊಕ್ಕೆ ಬಗ್ಗಿಸಿದ ಸರಳನ್ನಿಟ್ಟು ಕಾಂಕ್ರೀಟ್ ತುಂಬಬೇಕು. ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಮತ್ತು ಮಾಡಿನ ಕೆಳಗೆ ಗೋಡೆಯ ಸುತ್ತ ಕಬ್ಬಿಣದ ಜಾಳಿಗೆಯ ಪಟ್ಟಿ ಕಟ್ಟಬೇಕು. ಸಿಮೆಂಟಿಗೆ ನಿಜವಾಗಿ ಕೆಲಸವಿರುವ ಜಾಗ ಇದು. ಇಲ್ಲಿ ಕೆಲವೇ ಚೀಲಗಳು ಪ್ರಾಣ ಉಳಿಸುತ್ತವೆ.

ಗೋದಾಮಿನ ಇನ್ನೊಂದು ದೌರ್ಬಲ್ಯ ಅದರ ಉದ್ದ. ನಡುವೆ ಆಸರೆಯೇ ಇಲ್ಲದ ಅರವತ್ತಡಿ ಗೋಡೆ ಕಂಪನದಲ್ಲಿ ಹೊರಕ್ಕೆ ವಾಲುತ್ತದೆ. ಅದೇ ಗೋದಾಮು ಮನೆಯಾಗುವಾಗ ಕೋಣೆ, ಅಡುಗೆಮನೆ, ಪಡಸಾಲೆ ಎಂದು ಅಡ್ಡಗೋಡೆಗಳು ಬೇಕೇ ಬೇಕು. ಅವನ್ನು ಹದಿನೈದಿಪ್ಪತ್ತು ಅಡಿಗೊಂದರಂತೆ ಎಬ್ಬಿಸಿ ಹಳೆಯ ಗೋಡೆಗೆ ಬಿಗಿಯಾಗಿ ಹೆಣೆದರೆ ಉದ್ದ ಗೋಡೆಗೆ ಊರುಗೋಲಾಗುತ್ತವೆ. ಹೀಗೆ ಮಾಡಿದಾಗ ಕಟ್ಟಡ ಮನೆಯಾದದ್ದರಿಂದಲೇ ಮೊದಲಿಗಿಂತ ಭದ್ರವಾಗುತ್ತದೆ. ಇದನ್ನು ಕೇಳಿದ ಮೇಲೆಯೇ ಮಾವನವರು ಎಂಜಿನಿಯರೊಬ್ಬರನ್ನು ಕರೆಸಿ ಗೋಡೆ ತೋರಿಸಲು ಒಪ್ಪಿದ್ದು. ಗೋಡೆ ಉಬ್ಬಿದ್ದರೆ, ಮೂಲೆಗಳು ಬಿಚ್ಚಿಕೊಂಡಿದ್ದರೆ, ಎರೆಮಣ್ಣಿನ ಕುಗ್ಗು-ಹಿಗ್ಗಿಗೆ ಅಡಿಪಾಯ ಸರಿದಿದ್ದರೆ ಕೆಡವುವುದೇ ಸರಿ. ಉಳಿಸುವ ಹಟ ಅಲ್ಲಿ ಸಲ್ಲದು. ನಮ್ಮದಕ್ಕೆ ಅಂಥ ರೋಗ ಇರಲಿಲ್ಲ.

ಮಾಡಿದ್ದು, ಕಲಿತದ್ದು

ಚಾವಣಿಯಲ್ಲಿ ಎರಡು ಬೇಡಿಕೆಗಳು ಪರಸ್ಪರ ಎದುರಾಗುತ್ತವೆ. ತಂಪಿಗೆ ಮಣ್ಣಿನ ಮಾಳಿಗೆ ಒಳ್ಳೆಯದು. ಭೂಕಂಪಕ್ಕೆ ಹಗುರ ಮಾಡೇ ಒಳ್ಳೆಯದು. ಹೀಗಾಗಿ ತಗಡನ್ನು ಉಳಿಸಿಕೊಂಡು ಅದರ ಹೊರಮೈಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿದೆವು. ಕೆಳಗೆ ಒಂದಡಿ ಗಾಳಿಯ ಅಂತರ ಬಿಟ್ಟು, ಶಾಖನಿರೋಧಕ ಹಾಸು ಹಾಸಿ, ಅದರಡಿ ಬಿದಿರಿನ ತಟ್ಟಿಯ ಒಳಮಾಡು ಕೂಡಿಸಿದೆವು. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸಂದಿ ಬಿಟ್ಟರೆ ಕಾದ ಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಒಟ್ಟು ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ಬೆಳಕಿಗಾಗಿ ಗೋಡೆಗಳಲ್ಲಿ ಸಿಕ್ಕಸಿಕ್ಕಲ್ಲಿ ಕಿಟಕಿ ಕೊರೆಯುವಂತಿಲ್ಲ. ಭಾರ ಹೊರುವ ಕಲ್ಲುಗೋಡೆಯಲ್ಲಿ ತೆರವುಗಳೆಲ್ಲ ಸೇರಿ ಉದ್ದದ ಮೂರನೆಯ ಒಂದು ಭಾಗದೊಳಗೆ ಇದ್ದರೆ ಕ್ಷೇಮ. ಮೂಲೆಗಳನ್ನಂತೂ ಮುಟ್ಟಬಾರದು. ನಡುವಿನ ಒಂದು ಖಣದ ತಗಡನ್ನು ಪೂರ್ತಿ ತೆಗೆದು ಅಂಗಳ ಮಾಡಿದೆವು. ಅದರ ಎರಡೂ ಬದಿಯ ಕೋಣೆಗಳಿಗೆ ಅಲ್ಲಿಂದಲೇ ಬೆಳಕು, ಅಲ್ಲಿಂದಲೇ ರಾತ್ರಿಯ ಗಾಳಿ. ಚಕ್ಕಡಿಯ ಬಾಗಿಲು ಮುಂಭಾಗದ ದೊಡ್ಡ ಕಿಟಕಿಯಾಯಿತು. ಅದರ ಮುಂದೆ ನೆರಳಿಗೊಂದು ಚಪ್ಪರ ಬಂತು. ಹದಿನಾರಡಿ ಎತ್ತರ ಇದ್ದುದರಿಂದ ಒಂದು ಬದಿಯಲ್ಲಿ ಅಟ್ಟವನ್ನೂ ಕೂಡಿಸಲು ಸಾಧ್ಯವಾಯಿತು.

ತಪ್ಪೂ ಆಯಿತು. ಮೊದಲು ಬಂದ ಗುತ್ತಿಗೆದಾರರು ಒಳಗೋಡೆಗೆ ನಯವಾಗಿ ಸಿಮೆಂಟ್ ಗಿಲಾವು ಮಾಡಿಸಿದರು. ನೋಡಲು ಚಂದವಿತ್ತು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಲ್ಲಿ ಉಪ್ಪು ಬಿಳುಚಿ, ಹೊಪ್ಪಳೆಯಾಗಿ ಉದುರತೊಡಗಿತು. ಕಲ್ಲು-ಮಣ್ಣು-ಸುಣ್ಣದ ಹಳೆಯ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತಾ ಇರುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಎಲ್ಲವನ್ನೂ ಕೆತ್ತಿ ತೆಗೆಸಿ ಸುಣ್ಣದ ಗಾರೆ ಮಾಡಿಸಬೇಕಾಯಿತು. ಖರ್ಚು ಎರಡು ಪಟ್ಟಾಯಿತು. ಗಾರೆ ಅರೆದು ಬಳಿಯಬಲ್ಲ ಗೌಂಡಿಯನ್ನು ಹುಡುಕಲು ಎರಡು ತಿಂಗಳು ಹಿಡಿಯಿತು ಎಂಬುದು ಖರ್ಚಿಗಿಂತ ಚಿಂತೆಯ ವಿಷಯ.

ಗೋದಾಮನ್ನು ಮನೆ ಮಾಡಬಯಸುವವರಿಗೆ ಇನ್ನೆರಡು ಎಚ್ಚರಿಕೆಗಳನ್ನು ಹೇಳಬೇಕು. ಹಲವು ಗೋದಾಮುಗಳ ಮಾಡು ತಗಡಿನದಲ್ಲ, ಕಲ್ನಾರಿನ ಶೀಟಿನದು. ಅದನ್ನು ಕೊರೆದರೆ, ಕತ್ತರಿಸಿದರೆ, ಒಡೆದರೆ ಏಳುವ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಒದ್ದೆ ಮಾಡಿ, ಒಡೆಯದೆ, ಇಡಿಯಾಗಿ ಇಳಿಸಬೇಕು. ಎರಡನೆಯದಾಗಿ, ಕಾಳಿಗೆ ಹುಳು ಹತ್ತದಂತೆ ವರ್ಷಗಟ್ಟಲೆ ಬಳಸಿದ ಕೀಟನಾಶಕಗಳ ಶೇಷ ನೆಲದಲ್ಲಿ, ಗೋಡೆಯ ಸಂದಿಗಳಲ್ಲಿ ಇರಬಹುದು. ಮೂಲೆಯಲ್ಲಿ ಬಿದ್ದ ಹಳೆಯ ಡಬ್ಬಿ, ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಪರಸಿ ಎಬ್ಬಿಸಿ, ಕೆಳಗಿನ ಮಣ್ಣನ್ನು ಒಂದು ಮಟ್ಟದವರೆಗೆ ತೆಗೆದು, ಜಲ್ಲಿ ಹಾಕಿ ಮತ್ತೆ ಅದೇ ಪರಸಿ ಹಾಸುವುದು ಸುರಕ್ಷಿತ. ಇದರಿಂದ ನೆಲದ ತೇವವೂ ಕಡಿಮೆಯಾಗುತ್ತದೆ, ಪರಸಿಯ ತಂಪೂ ಉಳಿಯುತ್ತದೆ.

ಅಷ್ಟು ದೊಡ್ಡ ಮಾಡು ನೀರನ್ನೂ ಕೊಡುತ್ತದೆ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ. 1,440 ಚದರಡಿ ಮಾಡಿನ ಮೇಲೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರ್. ಸೋರಿ ಹೋದದ್ದನ್ನು ಕಳೆದರೂ ಎಂಬತ್ತು ಸಾವಿರ ಕೈಗೆ ಸಿಕ್ಕೀತು. ಐವರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಎಂದರೆ ವರ್ಷಕ್ಕೆ ಹದಿನೆಂಟು ಸಾವಿರ. ಇಪ್ಪತ್ತು ಸಾವಿರ ಲೀಟರಿನ ಒಂದು ತೊಟ್ಟಿ ಸಾಕು. ಬಿಸಿಲಿನದೂ ಇದೇ ಲೆಕ್ಕ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಸೌರಫಲಕಕ್ಕೆ ರೂ. 78,000 ಸಹಾಯಧನವಿದೆ. ಇಲ್ಲಿನ ಬಿಸಿಲಿಗೆ ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಆದರೆ ಕ್ರಮ ತಪ್ಪಬಾರದು. ಮೊದಲು ಮನೆಯ ಹಸಿವನ್ನು ತಗ್ಗಿಸಬೇಕು, ಆಮೇಲೆ ಫಲಕ ಕೂಡಿಸಬೇಕು. ಕಾದ ಕಾಂಕ್ರೀಟಿನ ಮೇಲೆ ಸೌರಫಲಕ ಹೊದಿಸಿ ಕೆಳಗೆ ಮೂರು ಎ.ಸಿ. ಓಡಿಸುವುದು ಉಳಿತಾಯವಲ್ಲ.

ಆಗಬೇಕಾದದ್ದು

ಹಣದ ಲೆಕ್ಕವನ್ನು ಮರೆಮಾಚಬಾರದು. ಮೂರಂತಸ್ತು ಎಬ್ಬಿಸಿದ್ದರೆ ಮಾವನವರಿಗೆ ಇನ್ನೂ ಹೆಚ್ಚು ಬಾಡಿಗೆ ಬರುತ್ತಿತ್ತು. ಅದಕ್ಕೆ ಬೇಕಾಗುತ್ತಿದ್ದ ಸಾಲವೂ ಹಲವು ಪಟ್ಟು ಇರುತ್ತಿತ್ತು ಎಂಬುದು ಸಮಾಧಾನ. ಆದರೆ ಎಲ್ಲ ಮಾಲೀಕರಿಗೂ ಇಂಥ ಸಮಾಧಾನ ಸಾಲದು. ವ್ಯವಸ್ಥೆ ಅವರ ಕಡೆಗೆ ಒಲಿಯಬೇಕು.

ಈಗಿರುವುದು ತದ್ವಿರುದ್ಧ. ಕೆಡವಿ ಹೊಸದು ಕಟ್ಟಲು ಬ್ಯಾಂಕ್ ಸಾಲ ಸುಲಭ. ಹಳೆಯ ಕಲ್ಲುಕಟ್ಟಡದ ಬಲವರ್ಧನೆಗೆ ಸಾಲ ಕೇಳಿದರೆ ನಮಗೆ ಸಿಕ್ಕಿದ್ದು ಅನುಮಾನದ ನೋಟ. ಪಂಚಾಯಿತಿ ದಾಖಲೆಯಲ್ಲಿ ಗೋದಾಮನ್ನು ವಾಸದ ಮನೆಯೆಂದು ಬದಲಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆಯಬೇಕಾಯಿತು. ವಾಸದ ಕಟ್ಟಡಗಳಿಗಾಗಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ರೂಪಿಸಿದ 'ಇಕೋ ನಿವಾಸ್ ಸಂಹಿತೆ' ಚಾವಣಿ ಎಷ್ಟು ಶಾಖವನ್ನು ಒಳಬಿಡಬಹುದೆಂದು ಮಿತಿ ಹಾಕಿದೆ. ಆದರೆ ಅದರ ದೃಷ್ಟಿ ದೊಡ್ಡ ನಿವೇಶನಗಳ ಮೇಲೆ. ಕಡಗಂಚಿಯಂಥ ಊರಿನ ಓಣಿಗೆ ಅದು ತಲುಪಿಲ್ಲ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿಯನ್ನು ಪ್ರಕಟಿಸಿತು. ಅದೇ ಬಿಸಿಲನ್ನು ಉಣ್ಣುವ ಕಲ್ಯಾಣ ಕರ್ನಾಟಕಕ್ಕೂ ಅಂಥ ನೀತಿ ಬೇಕು. 371(ಜೆ) ವಿಧಿಯ ಬಲದಿಂದ ಈ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿ ಇದೆ. ಅದರ ಹಣದಲ್ಲಿ ಸಣ್ಣದೊಂದು ಪಾಲು ಹಳೆಯ ಕಲ್ಲುಮನೆ, ಗೋದಾಮುಗಳ ತಪಾಸಣೆಗೆ, ಬಲವರ್ಧನೆಗೆ, ಸುಣ್ಣದ ಕೆಲಸ ಬಲ್ಲ ಗೌಂಡಿಗಳ ತರಬೇತಿಗೆ ಮೀಸಲಾದರೆ ಅದು ಅಪವ್ಯಯವಾಗದು. ಊರಿನ ಬಾಗಿಲಲ್ಲೇ ವಿಶ್ವವಿದ್ಯಾಲಯ ಇದೆ, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಯಾವ ಊರಿನಲ್ಲಿ ಇಂಥ ಎಷ್ಟು ಕಟ್ಟಡಗಳಿವೆ, ಯಾವುದು ಗಟ್ಟಿ, ಯಾವುದು ಅಪಾಯ ಎಂದು ವಿದ್ಯಾರ್ಥಿಗಳು ಎರಡು ಬೇಸಿಗೆಗಳಲ್ಲಿ ಪಟ್ಟಿ ಮಾಡಿಬಿಡಬಹುದು.

ಎ.ಸಿ. ಬೇಡದ ಮನೆ ಕಟ್ಟಿದೆವು ಎಂದು ನಾವು ಬಡಾಯಿ ಕೊಚ್ಚುವುದಿಲ್ಲ. ಮೇ ತಿಂಗಳ ಕೆಲವು ದಿನ ಕೂಲರ್ ಬೇಕೇ ಬೇಕು. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಸೇರಿದ ಮೇಲೆ ಅದೂ ಅಷ್ಟಾಗಿ ಕೆಲಸ ಮಾಡದು. ಅಟ್ಟದ ಮೇಲೆ ನಡುಹಗಲು ಈಗಲೂ ಸೆಕೆ. ಆದರೂ ಗೋದಾಮಿನ ಒಂದು ಭಾಗದಲ್ಲಿ ಬಾಡಿಗೆಗಿರುವ ಅಧ್ಯಾಪಕ ಕುಟುಂಬ ಎರಡನೆಯ ಬೇಸಿಗೆಯನ್ನೂ ಎ.ಸಿ. ಇಲ್ಲದೆ ಕಳೆಯಿತು.

ತೊಗರಿ ಇಡುವ ಜಾಗದಲ್ಲಿ ಮನುಷ್ಯ ಇರುತ್ತಾನೆಯೇ ಎಂದು ಕೇಳಿದ್ದ ಮಾವನವರು ಕಳೆದ ಬೇಸಿಗೆಯಲ್ಲಿ ಮಧ್ಯಾಹ್ನದ ಊಟವಾದೊಡನೆ ತಮ್ಮ ಆರ್‌ಸಿಸಿ ಮನೆಗೆ ಬೀಗ ಹಾಕಿ, ಗೋದಾಮಿನ ಇನ್ನೊಂದು ಬದಿಯ ಪರಸಿಯ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಉತ್ತರವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ಓಣಿಯಲ್ಲಿದ್ದ ಇನ್ನೆರಡು ಗೋದಾಮುಗಳು ಮಾತ್ರ ಈ ನಡುವೆ ನೆಲಸಮವಾದವು. ಅವುಗಳ ಕಲ್ಲುಗಳು ಟ್ರ್ಯಾಕ್ಟರಿನಲ್ಲಿ ಹೊಸ ಕಟ್ಟಡಗಳ ಅಡಿಪಾಯಕ್ಕೆ ಹೋದವು.